ಅರ್ಧ ಒಣಗಿದ ರೀಸ್ಲಿಂಗ್

ಮೂಗಣ್ಣನ ಮೂಗಿನ ಮಹಿಮೆಯನ್ನು ಪೂರ್ತಿ ಬರೆಯಲು ಹೊರಟರೆ ಲೋಕದ ಕಾಗದವೆಲ್ಲ ಮುಗಿದು, ಮಕ್ಕಳು ಗೋಡೆಯ ಮೇಲೆ ಪರೀಕ್ಷೆ ಬರೆಯಬೇಕಾದೀತು. ಆದ್ದರಿಂದ ನೂರಕ್ಕೆ ಹತ್ತರಷ್ಟು ಮಾತ್ರ ಹೇಳುವುದು ಕ್ಷೇಮ. ಗ್ಯಾಸ್ ಕಂಪನಿಯಲ್ಲಿ ಸೋರಿಕೆ ಪತ್ತೆಹಚ್ಚುವ ಕೆಲಸದಲ್ಲಿ ಮೂವತ್ತೆಂಟು ವರ್ಷ ದುಡಿದ ಮೂಗು ಅದು. ನಾಲ್ಕು ಬೀದಿಯಾಚೆ ಯಾರದೋ ಅಡುಗೆಮನೆಯ ಕೊಳವೆಯಲ್ಲಿ ಗುಂಡುಸೂಜಿಯ ಮೊನೆಯಷ್ಟು ತೂತು ಬಿದ್ದರೆ ಮೂಗಣ್ಣ ನಿದ್ದೆಯಲ್ಲೇ ಸೀನುತ್ತಿದ್ದ. ಕಂಪನಿಯವರು ಆಸೆಪಟ್ಟು ತರಿಸಿದ ಯಂತ್ರವೊಂದು ಒಂದು ವಾರ ಅವನ ಜೊತೆ ಬೀದಿ ಸುತ್ತಿ, ಅವಮಾನ ತಾಳಲಾರದೆ ತಾನಾಗಿಯೇ ಕೆಟ್ಟು ಕೂತಿತು. ಹೆತ್ತವರು ಇಟ್ಟ ಹೆಸರು ಅವನ ಪಿಂಚಣಿ ಕಾಗದದಲ್ಲಿ ಎಲ್ಲೋ ಇದೆ. ಉಳಿದಂತೆ ಎಲ್ಲರಿಗೂ ಅವನು ಮೂಗಣ್ಣ.

ನಿವೃತ್ತನಾದ ಮೇಲೆ ಇಂಥ ಮೂಗನ್ನು ಸುಮ್ಮನೆ ಮುಖದ ಮೇಲೆ ಇಟ್ಟುಕೊಂಡು ಕೂರುವುದುಂಟೇ? ಬೀದಿಯ ಕೊನೆಯ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ, ನಾಲ್ಕು ಜನ ಸೇರಿ ವೈನ್ ರುಚಿ ನೋಡುವ ಬಳಗವೊಂದು ಹುಟ್ಟಿಕೊಂಡಿತು. ಲಾಂಡ್ರಿಯ ಮಾಲೀಕ ಇಸ್ತ್ರಿಯಣ್ಣ, ಹಲ್ಲಿನ ಡಾಕ್ಟರಮ್ಮ, ಗಣಿತದ ಮೇಷ್ಟ್ರು, ಮತ್ತು ಮೂಗಣ್ಣ. ಬಳಗಕ್ಕೆ ಒಂದೇ ಒಂದು ಕಾನೂನು. ಮೂಗಣ್ಣ ಮೊದಲು ಮೂಸಬೇಕು, ಮೊದಲ ಮಾತು ಅವನೇ ಆಡಬೇಕು. ಅಲ್ಲಿಯವರೆಗೆ ಉಳಿದ ಮೂವರ ಗ್ಲಾಸು ಮೇಜಿನಿಂದ ಏಳುವಂತಿಲ್ಲ. ಕಿಟಕಿಯ ಪಕ್ಕದ ಕೈಯಿರುವ ಕುರ್ಚಿ ಅವನದು. ಏಳು ವರ್ಷದಲ್ಲಿ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂತಿಲ್ಲ. ಒಮ್ಮೆ ಬೆಕ್ಕೊಂದು ಕೂತಿತ್ತು, ಅದೂ ಕ್ಷಮೆ ಕೇಳಿದವರ ಹಾಗೆ ಬಾಲ ಇಳಿಸಿಕೊಂಡು ಹೋಯಿತು.

ಅಂಥ ಮೂಗು ಮೂರು ತಿಂಗಳ ಹಿಂದೆ ಸತ್ತುಹೋಯಿತು.

ಸಾಧಾರಣ ನೆಗಡಿ. ಹತ್ತು ದಿನ ಸುರಿದು ಹನ್ನೊಂದನೇ ದಿನ ನಿಂತಿತು. ಹೋಗುವಾಗ ವಾಸನೆಗಳನ್ನೆಲ್ಲ ಗಂಟುಕಟ್ಟಿ ಕೊಂಡೊಯ್ದಿತು. ಬೆಳಗಿನ ಕಾಫಿ ಬಿಸಿನೀರಾಗಿತ್ತು. ಪುಡಿ ಹಾಕುವುದನ್ನೇ ಮರೆತಿದ್ದೀಯಲ್ಲ ಎಂದು ಹೆಂಡತಿಯ ಮೇಲೆ ಕೂಗಾಡಿದ. ಅವಳು ಕಾಫಿ ಡಬ್ಬಿ ತಂದು ಅವನ ಮೂಗಿಗೆ ಹಿಡಿದಳು. ಆಮೇಲೆ ಬೆಳ್ಳುಳ್ಳಿ. ಆಮೇಲೆ ಫಿನಾಯಿಲು. ಕೊನೆಗೆ ಬಾಗಿಲ ಹಿಂದಿನಿಂದ ಅವನದೇ ನಿನ್ನೆಯ ಕಾಲುಚೀಲ.

"ಏನಾದ್ರೂ ಬಂತಾ?"

"ಇಲ್ಲ."

"ಇದೇ ಬರಲ್ಲ ಅಂದ್ರೆ ಹೋಯ್ತು ಬಿಡಿ," ಎಂದು ಅವಳು ಕುರ್ಚಿಯ ಮೇಲೆ ಕುಸಿದಳು. "ನನಗೆ ನಡುಮನೆವರೆಗೂ ಬರ್ತಿದೆ."

ಆಸ್ಪತ್ರೆಯ ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿ, ಬರಬಹುದು, ಬರದೆಯೂ ಇರಬಹುದು ಎಂದರು. ಇಷ್ಟು ಹೇಳಲು ಆ ದೀಪವೇಕೆ ಬೇಕಿತ್ತೋ! ಮನೆಗೆ ಬರುವ ದಾರಿಯಲ್ಲಿ ಮೂಗಣ್ಣ ಹೆಂಡತಿಯಿಂದ ಆಣೆ ಮಾಡಿಸಿಕೊಂಡ. ಬಳಗದವರಿಗೆ ಇದು ಗೊತ್ತಾಗಕೂಡದು. ಗೊತ್ತಾದರೆ ಆ ಕುರ್ಚಿ ಹೋಯಿತು, ಮೊದಲ ಮಾತು ಹೋಯಿತು, ಭಾನುವಾರವೇ ಹೋಯಿತು. ಮೂಗಿಲ್ಲದ ಮೂಗಣ್ಣ ಮೂಗನಾಗಿ ಮನೆಯಲ್ಲಿ ಕೂರಬೇಕಾಗುತ್ತದೆ. ಹೆಂಡತಿ ಆಣೆಯನ್ನೇನೋ ಇಟ್ಟಳು. ಅಂದಿನಿಂದ ಅವಳ ಅಡುಗೆಯಲ್ಲಿ ಮೆಣಸಿನಕಾಯಿ ಎರಡು ಹೆಚ್ಚಾಯಿತು, ನಿಂಬೆಹಣ್ಣು ಮೂರು ಹೆಚ್ಚಾಯಿತು. ತಾನು ಮಾತ್ರ ನೀರಿನ ಚೊಂಬನ್ನು ಪಕ್ಕದಲ್ಲೇ ಇಟ್ಟುಕೊಂಡು, ಕಣ್ಣೊರೆಸಿಕೊಳ್ಳುತ್ತಾ ಉಣ್ಣುತ್ತಿದ್ದಳು. ಯಾಕೆ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬಳಗದಲ್ಲಿ ಎಷ್ಟು ದಿನ ತಳ್ಳಬಹುದು? ಮೂಗಣ್ಣ ಉಪಾಯ ಕಂಡುಕೊಂಡಿದ್ದ. ಗ್ಲಾಸಿನೊಳಗೆ ಮೂಗು ತೂರಿಸುವುದು, ಕಣ್ಣು ಮುಚ್ಚುವುದು, 'ಹೂಂ' ಎನ್ನುವುದು. ಆ 'ಹೂಂ' ಎಷ್ಟು ಉದ್ದವಿರುತ್ತಿತ್ತೆಂದರೆ ಅದರ ಒಂದು ತುದಿಯಲ್ಲಿ ಹೊರಟ ಇರುವೆ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮುದಿಯಾಗುತ್ತಿತ್ತು. ಅಷ್ಟರಲ್ಲಿ ಯಾರಾದರೂ ತಡೆಯಲಾರದೆ, ಮೇಜಿನ ಮೇಲಿದ್ದ ಗ್ಲಾಸಿಗೇ ಬಗ್ಗಿ ಮೂಸಿ, "ಹಣ್ಣಿಂದೇನೋ ಇರೋ ಹಾಗಿದೆ, ಅಲ್ವಾ?" ಎಂದುಬಿಡುತ್ತಿದ್ದರು. ಎಳೆ ಸಿಕ್ಕಿದರೆ ಸಾಕು, ಅದರಿಂದ ಸೀರೆಯನ್ನೇ ನೇಯುತ್ತಿದ್ದ. ಒಗೆದ ಕಲ್ಲು, ಹಳೆ ಪುಸ್ತಕ, ಬಾಡುತ್ತಿರುವ ಮಲ್ಲಿಗೆ, ಜೇನುಮೇಣ! ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ನಂಬರು ಹಾಕಿ ಬರೆದುಕೊಳ್ಳುತ್ತಿದ್ದರು. ಆದರೆ ಬಾಯಿಗೆ ಬಿದ್ದ ವೈನು ಮಾತ್ರ ಒದ್ದೆ ಕಾಗದ ಅಗಿದಂತೆ ಇರುತ್ತಿತ್ತು. ಕೆಂಪು ವೈನಿನಲ್ಲಿ ಒಗರು ಬಿಟ್ಟು ಬೇರೇನೂ ಇಲ್ಲ.

ಈ ಭಾನುವಾರ ಇಸ್ತ್ರಿಯಣ್ಣನ ಸರದಿ. ಮೂಗಣ್ಣ ಬೂಟು ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಬಿಸಿ ಬಿಸಿ ಡಬ್ಬಿಯೊಂದನ್ನು ಅವನ ಕೈಗಿಟ್ಟಳು.

"ಖಾರದ ಕಡಲೆಬೀಜ. ಎಲ್ರಿಗೂ ಕೊಡಿ."

"ಖಾರ ಎಷ್ಟು ಹಾಕಿದ್ದೀಯ?"

"ನಿಮಗೆ ಬೇಕಾದಷ್ಟು."

"ಅವರು ಸಾಯ್ತಾರಲ್ಲೇ."

"ಸಾಯಲಿ ಬಿಡಿ. ರೀ, ಇವತ್ತಾದ್ರೂ ಹೇಳಿಬಿಡಿ ಅವರಿಗೆ. ಅವರೇನು ಹುಲಿನಾ, ಕರಡಿನಾ? ಮೂಗು ಹೋಗಿದೆ ಅಂದ್ರೆ ಕಿವಿ ಕಿತ್ಕೋತಾರಾ?"

"ನಿನಗೆ ಅರ್ಥ ಆಗಲ್ಲ."

"ಹೌದು, ನನಗೆ ಅರ್ಥ ಆಗಲ್ಲ. ಮೂರು ತಿಂಗಳಿಂದ ನಿದ್ದೇಲಿ 'ಜೇನುಮೇಣ, ಜೇನುಮೇಣ' ಅಂತ ಕನವರಿಸೋದು ಮಾತ್ರ ಕೇಳುತ್ತೆ," ಎಂದು ಅವಳು ಬಾಗಿಲು ಹಾಕಿಕೊಂಡಳು.

ಲಾಂಡ್ರಿಯ ಹಿಂದಿನ ಕೋಣೆ ಎಂದರೆ ಸಾಮಾನ್ಯ ಕೋಣೆಯಲ್ಲ. ಅಲ್ಲಿನ ಬಿಸಿಗೆ ಗೋಡೆಗಳೇ ಬೆವರುತ್ತವೆ. ಮೂರು ಕಡೆ ಕಬ್ಬಿಣದ ಸರಳುಗಳಲ್ಲಿ ಕೋಟುಗಳು ಪ್ಲಾಸ್ಟಿಕ್ಕಿನೊಳಗೆ ಸಾಲಾಗಿ ನಿಂತಿರುತ್ತವೆ. ತಲೆಯಿಲ್ಲದ ದೊಡ್ಡ ಮನುಷ್ಯರ ಸಭೆ. ಬಾಗಿಲ ಬಳಿ ಮರದ ಕ್ಲಿಪ್ಪುಗಳು ತುಂಬಿದ ಬುಟ್ಟಿ. ಅದರ ಪಕ್ಕದ ಪೆಟ್ಟಿಗೆಯಲ್ಲಿ, ಜೋಡಿ ಕಳಕೊಂಡು ಯಾರೂ ಕೇಳಿಕೊಂಡು ಬಾರದ ಒಂಟಿ ಕಾಲುಚೀಲಗಳು. ಇಸ್ತ್ರಿ ಮೇಜಿನ ಮುಕ್ಕಾಲು ಭಾಗಕ್ಕೆ ಬಿಳಿ ದುಪ್ಪಟಿ ಹಾಸಿದರೆ ಅದೇ ಬಳಗದ ಮೇಜು. ಉಳಿದ ಕಾಲು ಭಾಗ, ಮೂಗಣ್ಣನ ಕುರ್ಚಿಯ ಎಡಮೊಣಕೈ ಪಕ್ಕದ್ದು, ಇಸ್ತ್ರಿಯಣ್ಣನ ಕೆಲಸಕ್ಕೆ ಮೀಸಲು. ಭಾನುವಾರವೂ ಅವನ ಕೈ ಸುಮ್ಮನಿರದು.

ಒಗೆದ ಒಂಟಿ ಕಾಲುಚೀಲಗಳನ್ನು ತೊಡಿಸಿ ನಾಲ್ಕು ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದ್ದ. ಬೂದು, ಹಳದಿ, ಕೆಂಪು, ಹಸಿರು. ಹೆಸರು ನೋಡಿ ಯಾರೂ ಮರುಳಾಗಬಾರದು ಎಂದು ಅವನೇ ಕಂಡುಹಿಡಿದ ಮುಸುಕು. ನಾಲ್ಕೂ ಕತ್ತು ನೀಳವಾದ, ಸಪೂರ ಬಾಟಲಿಗಳು. ಮೂಗಣ್ಣ ನೋಡುತ್ತಲೇ ಗುರುತು ಹಿಡಿದ.

"ರೀಸ್ಲಿಂಗಾ?"

"ಹೌದಣ್ಣ. ಏಳು ವರ್ಷದಿಂದ ನೀವು ಬೇಡ ಅಂದಿದ್ದೀರಿ. ಇವತ್ತು ನನ್ನ ಮಾತು ನಡೀಲಿ," ಎಂದ ಇಸ್ತ್ರಿಯಣ್ಣ, ಕೈಮುಗಿಯುವುದೊಂದು ಬಾಕಿ.

ಬೇಡ ಎಂದದ್ದಕ್ಕೆ ಕಾರಣವಿತ್ತು. ರೀಸ್ಲಿಂಗ್ ಎಂಬುದು ಒಂದು ಜಾತಿಯ ಬಿಳಿ ದ್ರಾಕ್ಷಿಯ ವೈನು, ವಯಸ್ಸಾದರೆ ಅದರಲ್ಲಿ ಸೀಮೆಎಣ್ಣೆಯಂಥ ವಾಸನೆ ತೇಲುತ್ತದೆ. ಬಲ್ಲವರು ಅದಕ್ಕಾಗಿಯೇ ಪ್ರಾಣ ಬಿಡುತ್ತಾರೆ. ಮೂಗಣ್ಣನಿಗೆ ಮಾತ್ರ ಅದು ಮೂವತ್ತೆಂಟು ವರ್ಷದ ನೌಕರಿಯನ್ನು ಗ್ಲಾಸಿನಲ್ಲಿ ಸುರಿದು ಕೊಟ್ಟ ಹಾಗೆ. ಹಿಂದೊಮ್ಮೆ ಮೂಸಿದವನೇ ಎದ್ದು ಮೇನ್ ವಾಲ್ವ್ ಬಂದ್ ಮಾಡಲು ಓಡಿದ್ದ.

"ಅದೂ ಅಗ್ಗದ್ದು," ಎಂದು ಇಸ್ತ್ರಿಯಣ್ಣ ಹೆಮ್ಮೆಯಿಂದ ಮುಂದುವರಿಸಿದ. "ಅಂಗಡಿಯ ಕೆಳಗಿನ ಸಾಲಿಂದು, ಬಗ್ಗಿ ತೆಗೀಬೇಕು. ಬಗ್ಗೋಕೆ ನಾಚ್ಕೊಳ್ಳೋರು ಮೇಲಿನ ಸಾಲಿಗೆ ದುಡ್ಡು ಸುರೀತಾರೆ. ನನ್ನ ಸೊಂಟಕ್ಕೆ ಬಗ್ಗೋದು ಅಭ್ಯಾಸ. ಅಂಗಡಿಯವಳು ಹೇಳಿದ್ಲು, ಇದಕ್ಕೆ ಆಫ್ ಡ್ರೈ ಅಂತಾರಂತೆ."

"ಆಫ್ ಅಂದ್ರೆ ಕೆಟ್ಟುಹೋಗಿರೋದಲ್ವೇನಯ್ಯಾ?" ಎಂದು ಮೇಷ್ಟ್ರು ಕನ್ನಡಕ ಮೇಲೇರಿಸಿದರು.

"ಅಯ್ಯೋ ಮೇಷ್ಟ್ರೇ, ಬಸ್ಸಲ್ಲಿ ಆಫ್ ಟಿಕೆಟ್ಟು ಅಂತೀವಲ್ಲ, ಅದೇ ಆಫು. ಅರ್ಧ. ಆಫ್ ಡ್ರೈ ಅಂದ್ರೆ ಅರ್ಧ ಒಣಗಿದ್ದು."

ಡಾಕ್ಟರಮ್ಮ ನಗು ತಡೆಯಲಾರದೆ ಕರವಸ್ತ್ರ ಹುಡುಕಿದರು. ಮೇಷ್ಟ್ರು ಮೂವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತ ದನಿಯಲ್ಲಿ, "ಅದು ಹಾಫು! ಹ! ಹ! ಹೊಟ್ಟೆಯಿಂದ ಉಸಿರು ಬರಬೇಕು. ಇದು ಬರೀ ಆಫು. ಎರಡೂ ಬೇರೆ ಬೇರೆ ಪದ!" ಎಂದರು.

"ಬೇರೆ ಇರಬಹುದು. ನಾವು ಬಡವರು, ಉಸಿರು ಉಳಿಸ್ಕೊಂಡು ಮಾತಾಡ್ತೀವಿ," ಎಂದ ಇಸ್ತ್ರಿಯಣ್ಣ. ನಕ್ಕನಾದರೂ ಕಿವಿ ಕೆಂಪಾಗಿತ್ತು.

ಮೂಗಣ್ಣನಿಗೆ ಪಾಪ ಅನ್ನಿಸಿತು. ಮರ್ಯಾದೆ ಹೋಗುವ ಭಯದಲ್ಲೇ ಮೂರು ತಿಂಗಳಿಂದ ಬದುಕುತ್ತಿರುವವನಿಗೆ ಇನ್ನೊಬ್ಬರ ಕೆಂಪು ಕಿವಿ ಬೇಗ ಕಾಣುತ್ತದೆ. "ಸಿಹಿ ಅಷ್ಟಿಷ್ಟು ಉಳಿಸಿರೋ ವೈನು, ಅಷ್ಟೇ ತಾನೇ ಅದರ ಅರ್ಥ?" ಎಂದ. "ಪೂರ್ತಿ ಡ್ರೈ ಅಲ್ಲ, ಪೂರ್ತಿ ಸಿಹೀನೂ ಅಲ್ಲ. ಅಂದ್ಮೇಲೆ ಇವನು ಹೇಳಿದ ಅರ್ಧ ಒಣಗಿದ್ದೇ ಸರಿ. ಹ ಬಂದ್ರೂ ಅಷ್ಟೇ, ಹೋದ್ರೂ ಅಷ್ಟೇ."

ಗಣಿತದಲ್ಲಿ ತಪ್ಪು ದಾರಿಯಲ್ಲಿ ಹೋಗಿ ಸರಿ ಉತ್ತರ ತಂದವನಿಗೆ ಎಷ್ಟು ಅಂಕ ಕೊಡಬೇಕೆಂಬುದು ಮೇಷ್ಟ್ರನ್ನು ಹಿಂದಿನಿಂದಲೂ ಕಾಡಿದ ಪ್ರಶ್ನೆ.

ಬೂದು ಕಾಲುಚೀಲದ ಬಾಟಲಿ ಬಗ್ಗಿತು. ಮೂವರ ಕಣ್ಣು ಮೂಗಣ್ಣನ ಮೇಲೆ. ಅವನು ಗ್ಲಾಸನ್ನು ತಿರುಗಿಸಿ, ಮೂಗು ಇಳಿಸಿ, ಉದ್ದವಾದ 'ಹೂಂ' ಹೊರಡಿಸಿದ. ಒಳಗೆ ಏನೂ ಇಲ್ಲ. ಬಾಗಿಲು ಮುಚ್ಚಿದ ಖಾಲಿ ಮನೆ. ಎಳೆ ಕೊಡುತ್ತಾರೇನೋ ಎಂದು ಕಾದ. ಯಾರೂ ಬಾಯಿಬಿಡಲಿಲ್ಲ. ಕೊನೆಗೆ ರೀಸ್ಲಿಂಗಿನ ಬಗ್ಗೆ ನೆನಪಿದ್ದ ಒಂದೇ ಅಸ್ತ್ರವನ್ನು ತೆಗೆದ.

"ಸೀಮೆಎಣ್ಣೆ."

ಮೇಷ್ಟ್ರು ಮೂಸಿದರು. ಮತ್ತೊಮ್ಮೆ ಮೂಸಿದರು. "ನನಗೇನೋ ಹಸಿರು ಸೇಬು ಮಾತ್ರ..."

"ಇನ್ನೂ ಒಳಗೆ ಹೋಗಿ ಮೇಷ್ಟ್ರೇ."

ಮೇಷ್ಟ್ರು ಎಷ್ಟು ಒಳಗೆ ಹೋದರೆಂದರೆ ಕನ್ನಡಕ ವೈನಿನಲ್ಲಿ ತೇಲಿತು. "ಹಾಂ! ಇದೆ, ಇದೆ. ದೂರದಲ್ಲಿ ಒಂದು ಲಾಂದ್ರ," ಎಂದು ಬರೆದುಕೊಂಡರು.

ಮೂಗಣ್ಣ ಹಣೆಯ ಬೆವರು ಒರೆಸಿಕೊಂಡು ಗುಟುಕು ಹಾಕಿದ. ಹುಳಿ! ಚುರುಕಾದ, ನೆಟ್ಟಗಿನ ಹುಳಿ. ಬೇರೆ ಯಾವ ವಿಷಯವೂ ಇಲ್ಲ. ಆದರೆ ನಾಲಗೆಯ ಅಂಚು ಎಚ್ಚೆತ್ತಿತು. ಇಸ್ತ್ರಿಯಣ್ಣ ಗುಟ್ಟು ಬಿಟ್ಟುಕೊಟ್ಟ. "ಇದು ಪೂರ್ತಿ ಒಣಗಿದ್ದು. ಹೋಲಿಸಿ ನೋಡೋಕೆ ಇಟ್ಟೆ."

ಹಳದಿ ಕಾಲುಚೀಲದ್ದು ಪಾಕದಂತೆ ಸಿಹಿ. ಅದಕ್ಕೂ ಮೂಗಣ್ಣ ಸೀಮೆಎಣ್ಣೆಯನ್ನೇ ದಯಪಾಲಿಸಿದ. ಡಾಕ್ಟರಮ್ಮನಿಗೆ ಆ ಸಿಹಿಯಲ್ಲಿ ನಾಳೆಯ ರೋಗಿಗಳು ಕಂಡರು. "ಇದನ್ನ ಕುಡಿದವರೆಲ್ಲ ನೇರ ನನ್ನ ಕುರ್ಚಿಗೇ ಬರ್ತಾರೆ," ಎಂದರು.

"ನೋಡಿದ್ರಾ, ಇದು ಹಸಿ ಬಟ್ಟೆ," ಎಂದು ಇಸ್ತ್ರಿಯಣ್ಣ ಎದ್ದ. ಅವನ ವೃತ್ತಿಯ ಮಾತು ಬಂದಿತ್ತು, ಇನ್ನು ದೇವರೂ ತಡೆಯಲಾರ. ಡಾಕ್ಟರಮ್ಮ ಒಗೆಯಲು ಕೊಟ್ಟಿದ್ದ ಬಿಳಿ ಕೋಟನ್ನು ಒಣಹಾಕಿದ್ದ ತಂತಿಯಿಂದ ತೆಗೆದು ಮೂಗಣ್ಣನ ಎಡಗಡೆಯ ಜಾಗದಲ್ಲಿ ಹರಡಿದ. "ಪೂರ್ತಿ ಒಣಗಿದ ಬಟ್ಟೆ ಮುನಿಸ್ಕೊಂಡ ನೆಂಟನ ಹಾಗೆ. ಎಷ್ಟು ಉಜ್ಜಿದ್ರೂ ಸುಕ್ಕು ಬಿಡಲ್ಲ. ಪೂರ್ತಿ ಹಸಿ ಬಟ್ಟೆ ಬುಸ್ ಅಂತ ಹಬೆ ಬಿಡುತ್ತೆ, ಕೆಲಸ ಮುಂದೆ ಹೋಗಲ್ಲ. ಇದನ್ನ ಕೆನ್ನೆಗೆ ಇಟ್ಕೊಂಡು ನೋಡಿ ಡಾಕ್ಟರಮ್ಮ. ತಣ್ಣಗಿದೆ, ಆದ್ರೆ ಕೈ ಒದ್ದೆ ಆಗಲ್ಲ. ಇದು ಆಫ್ ಡ್ರೈ. ಈ ಹೊತ್ತಲ್ಲಿ ಪೆಟ್ಟಿಗೆ ಇಟ್ರೆ..." ಇಸ್ತ್ರಿಪೆಟ್ಟಿಗೆ ಕೋಟಿನ ಬೆನ್ನಿನ ಮೇಲೆ ಹಾಯಿತು. ಹಾದ ದಾರಿಯೆಲ್ಲ ಸರೋವರದ ಹಾಗೆ ನಯವಾಯಿತು. ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದಿತ್ತು. "...ಹೀಗೆ! ಸ್ವಲ್ಪ ತೇವ ಉಳಿದಿರಬೇಕು. ಆ ತೇವಾನೇ ಸುಕ್ಕನ್ನ ಬಿಡಿಸೋದು. ವೈನಲ್ಲೂ ಅಷ್ಟೇ. ಹುಳಿ ಸುಕ್ಕುಗಟ್ಟಿ ನಿಂತಿರುತ್ತೆ, ಸಿಹಿ ಬಂದು ಮೆಲ್ಲಗೆ ಬಿಡಿಸುತ್ತೆ."

"ಭಾಷಣ ಸಾಕಪ್ಪ, ಮೂರನೇದು ಬರಲಿ. ಇದರ ಮುಚ್ಚಳ ತಿರುಗ್ತಾ ಇಲ್ಲ," ಎಂದು ಮೇಷ್ಟ್ರು ಕೆಂಪು ಕಾಲುಚೀಲದ ಬಾಟಲಿ ಹಿಡಿದು ಹೆಣಗುತ್ತಿದ್ದರು. ಇಸ್ತ್ರಿಯಣ್ಣ ಓಡಿಹೋಗಿ ಒಂದೇ ತಿರುವಿಗೆ ಮುಚ್ಚಳ ಬಿಚ್ಚಿ, ನಾಲ್ಕೂ ಗ್ಲಾಸಿಗೆ ಸುರಿದು, ಅಲ್ಲೇ ಕೂತುಬಿಟ್ಟ. ಇಸ್ತ್ರಿಪೆಟ್ಟಿಗೆ ಕೋಟಿನ ಬೆನ್ನ ಮೇಲೆಯೇ ಉಳಿಯಿತು.

ಮೂಗಣ್ಣ ಮೂಸುವ ಶಾಸ್ತ್ರ ಮುಗಿಸಿ, ಮತ್ತದೇ ಸೀಮೆಎಣ್ಣೆ ಎಂದು ಗುಟುಕು ತೆಗೆದುಕೊಂಡ.

ಏನಾಯಿತೆಂದು ಹೇಳಲು ಮಾತು ಸಾಲದು. ಮೊದಲು ತಣ್ಣಗೆ. ಅದರ ಹಿಂದೆಯೇ ನಾಲಗೆಯ ತುದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಜುಮುಜುಮು ಎಂದವು. ಆಮೇಲೆ ಹುಳಿ ಬಂತು, ಎರಡೂ ಕೆನ್ನೆಗಳನ್ನು ಒಳಗಿನಿಂದ ಚಿವುಟಿತು. ಅಯ್ಯೋ ಎನ್ನುವಷ್ಟರಲ್ಲಿ ಸಿಹಿ ಬಂದು ಚಿವುಟಿದ ಜಾಗವನ್ನು ಸವರಿತು. ಸಿಹಿ ಹೆಚ್ಚಾಯಿತೇನೋ ಎನ್ನುವಷ್ಟರಲ್ಲಿ ಮತ್ತೆ ಹುಳಿ. ಅಣ್ಣ ತಂಗಿ ಜಗಳವಾಡುತ್ತಲೇ ಕೈಹಿಡಿದು ಓಡುವ ಹಾಗೆ. ಇದರಲ್ಲಿ ಮೂಗಿಗೆ ಕೆಲಸವೇ ಇರಲಿಲ್ಲ, ಎಲ್ಲವೂ ನಾಲಗೆಯ ಮೇಲೆಯೇ ನಡೆಯುತ್ತಿತ್ತು! ಮೂರು ತಿಂಗಳಿಂದ ಒದ್ದೆ ಕಾಗದ ಅಗಿಯುತ್ತಿದ್ದವನ ಬಾಯಲ್ಲಿ ದೀಪ ಹತ್ತಿತು. ಹೆಂಡತಿಯ ಕಡಲೆಬೀಜ ನಾಲ್ಕು ಬಾಯಿಗೆ ಹಾಕಿಕೊಂಡ. ಖಾರ ಭಗ್ಗೆಂದು ಹತ್ತಿಕೊಂಡಿತು. ಮೇಲೆ ಒಂದು ಗುಟುಕು, ಉರಿ ತಣಿದು ಬರೀ ಬೆಚ್ಚನೆಯ ನೆನಪಾಯಿತು. ಅವಳು ಹಾಕಿದ್ದು ಅವನಿಗೆ ಬೇಕಾದಷ್ಟೇ ಖಾರ. ಎಷ್ಟು ದಿನದಿಂದ ಅವಳು ಹೀಗೆ ತನ್ನ ನಾಲಗೆಯನ್ನು ಹುಡುಕುತ್ತಿದ್ದಾಳೆ ಎಂಬುದು ಆಗ ಹೊಳೆಯಿತು. ಅವನ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಹೇಳಬಹುದು, ಯಾರೂ ಕೇಳಲಿಲ್ಲ.

ಕೇಳದಿರಲು ಕಾರಣ, ಆಚೆ ಬದಿಯಲ್ಲಿ ಡಾಕ್ಟರಮ್ಮ ಗ್ಲಾಸನ್ನು ಮೂಸಿ ಮೂಸಿ ಹುಬ್ಬು ಗಂಟಿಕ್ಕಿದ್ದರು.

"ಇದರಲ್ಲಿ ಏನೋ... ಸುಟ್ಟ ವಾಸನೆ ಇದ್ಯಲ್ಲ ಮೂಗಣ್ಣ?"

ಎಳೆ ಸಿಕ್ಕಿತು! ಅಭ್ಯಾಸಬಲ, ಬಾಯಿ ತಾನಾಗಿಯೇ ತೆರೆದುಕೊಂಡಿತು. "ಮತ್ತೆ? ಆಗಲೇ ಹೇಳೋಣ ಅಂತಿದ್ದೆ. ಈ ದ್ರಾಕ್ಷಿ ಬೆಳೆದ ಗುಡ್ಡ ಇದೆಯಲ್ಲ, ಅದರ ಹೊಟ್ಟೇಲಿ ಒಂದು ಕಾಲಕ್ಕೆ ಜ್ವಾಲಾಮುಖಿ ಇತ್ತು. ಆ ಬೆಂಕಿಯ ನೆನಪು ಬೇರಿಗೆ ಬಂದು, ಬೇರಿಂದ ಹಣ್ಣಿಗೆ ಬಂದು..."

"ಜಾಸ್ತಿ ಆಗ್ತಾ ಇದೆ," ಎಂದರು ಮೇಷ್ಟ್ರು, ಬರೆದುಕೊಳ್ಳುತ್ತಾ.

"ಆಗ್ಲೇಬೇಕು. ಗಾಳಿ ತಾಗಿದ ಹಾಗೆ ಅರಳುತ್ತೆ. ಕಣ್ಣು ಮುಚ್ಚಿ ಮೇಷ್ಟ್ರೇ. ಸುಟ್ಟ ಹತ್ತಿ, ಸುಟ್ಟ..."

"ನನ್ನ ಕೋಟು!" ಎಂದು ಡಾಕ್ಟರಮ್ಮ ಚೀರಿದರು.

ಮೂಗಣ್ಣನ ಎಡಮೊಣಕೈಯಿಂದ ಒಂದೇ ಗೇಣು ದೂರದಲ್ಲಿ, ಜ್ವಾಲಾಮುಖಿಯೇ ಸೈ, ಹೊಗೆ ಎದ್ದು ಅವನ ಕಿವಿಯನ್ನು ಸುತ್ತಿಕೊಂಡು ಮೇಲೆ ಹೋಗುತ್ತಿತ್ತು. ಇಸ್ತ್ರಿಯಣ್ಣ ಮೇಜು ಹಾರಿ ಬಂದ. ಹಾರಿದ ಎತ್ತರ ಅಳೆದಿದ್ದರೆ ಪದಕ ಬರುತ್ತಿತ್ತು. ಪೆಟ್ಟಿಗೆ ಎತ್ತಿ, ಪ್ಲಗ್ಗು ಕಿತ್ತು, ಚೊಂಬಿನ ನೀರು ಸುರಿದ. ಬಿಳಿ ಕೋಟಿನ ಬೆನ್ನ ನಡುವೆ ದೋಣಿಯಾಕಾರದ ಕಂದು ಗುರುತು ಅಚ್ಚಾಗಿತ್ತು.

ಕೋಟುಗಳ ಸಭೆಯೂ ಉಸಿರು ಬಿಗಿಹಿಡಿಯಿತು.

"ಮೂಗಣ್ಣ," ಎಂದರು ಮೇಷ್ಟ್ರು ನಿಧಾನವಾಗಿ, "ಅಷ್ಟು ದೂರದಿಂದ ನಮಗೆ ಬಂತು. ನಿಮ್ಮ ಪಕ್ಕದಲ್ಲೇ..."

ಇಸ್ತ್ರಿಯಣ್ಣ ಮೂಗಣ್ಣನ ಮುಖ ನೋಡಿದ. ದಿನಕ್ಕೆ ನೂರು ಬಟ್ಟೆಯ ಸುಕ್ಕು ನೋಡುವವನಿಗೆ ಒಂದು ಮುಖದ ಸುಕ್ಕು ಓದಲು ಎಷ್ಟು ಹೊತ್ತು? ಥಟ್ಟನೆ ನಡುವೆ ಬಂದ. "ಏನ್ ಮೇಷ್ಟ್ರೇ ನೀವು! ಅಣ್ಣ ಗ್ಲಾಸಿನೊಳಗೆ ಮುಳುಗಿದ್ರೆ ಮನೆಗೆ ಬೆಂಕಿ ಬಿದ್ರೂ ಗೊತ್ತಾಗಲ್ಲ. ಅದಕ್ಕೇ ಅವರು ಮೂಗಣ್ಣ, ನಾವು ನಾವೇ. ತಪ್ಪು ನಂದು. ಪೆಟ್ಟಿಗೆ ಬಿಟ್ಟು ಬಂದವನು ನಾನು. ಡಾಕ್ಟರಮ್ಮ, ಹೊಸ ಕೋಟು ಹೊಲಿಸಿಕೊಡ್ತೀನಿ."

ಬಾಗಿಲು ತೆರೆದುಕೊಟ್ಟಿದ್ದ. ಮೂಗಣ್ಣ ಒಂದು 'ಹೂಂ' ಎಂದಿದ್ದರೆ ಸಾಕಿತ್ತು, ಹಾದುಹೋಗಬಹುದಿತ್ತು. ಕುರ್ಚಿ ಉಳಿಯುತ್ತಿತ್ತು, ಮೊದಲ ಮಾತು ಉಳಿಯುತ್ತಿತ್ತು. ಆದರೆ ಕೈಯಲ್ಲಿದ್ದ ಗ್ಲಾಸಿನಲ್ಲಿ ಆ ವೈನು ಇನ್ನೂ ಎರಡು ಗುಟುಕು ಮಿಕ್ಕಿತ್ತು. ಮೂರು ತಿಂಗಳಲ್ಲಿ ಅವನಿಗೆ ನಿಜವಾಗಿ ಸಿಕ್ಕಿದ್ದು ಅದೊಂದೇ. ಅದಕ್ಕೆ ಹೊಗೆಯ ಕಥೆ ಕಟ್ಟಿದ್ದ. ಇನ್ನು ಅದು ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಜ್ವಾಲಾಮುಖಿ ಎಂದೇ ಉಳಿಯುತ್ತದೆ. ಆ ಪಾಪದ ವೈನು ಏನು ತಪ್ಪು ಮಾಡಿತ್ತು?

"ಮೇಷ್ಟ್ರೇ, ಅದನ್ನ ಹೊಡೆದುಹಾಕಿ," ಎಂದ. "ನನಗೆ ವಾಸನೆ ಬರಲ್ಲ."

"ಈ ವೈನಿಂದಾ?"

"ಯಾವುದ್ರದ್ದೂ. ಮೂರು ತಿಂಗಳಾಯ್ತು. ಆ ನೆಗಡಿ ಬಂದಾಗಿಂದ. ಕೋಟಿಂದೂ ಬರಲಿಲ್ಲ, ಕಾಫಿದೂ ಬರಲ್ಲ. ಇವತ್ತು ಹೇಳಿದ ಸೀಮೆಎಣ್ಣೆ ಸುಳ್ಳು. ಹೋದ ತಿಂಗಳ ಜೇನುಮೇಣ ಸುಳ್ಳು. ಹೇಳಿಬಿಟ್ರೆ ಈ ಕುರ್ಚಿ ಹೋಗುತ್ತೆ ಅಂತ ಹೆದರಿದ್ದೆ." ಗ್ಲಾಸನ್ನು ಎತ್ತಿ ಹಿಡಿದ. "ಆದ್ರೆ ಇದು ಸುಳ್ಳಲ್ಲ. ಇದು ನನಗೆ ಸಿಕ್ತು. ಹುಳಿ ಸಿಕ್ತು, ಸಿಹಿ ಸಿಕ್ತು, ಒಂದರ ಹಿಂದೆ ಒಂದು ಓಡೋದು ಸಿಕ್ತು. ಇಸ್ತ್ರಿ ಹೇಳಿದ್ದು ಒಂದೊಂದಕ್ಷರಾನೂ ನಿಜ ಕಣ್ರೀ. ಸುಕ್ಕು ಬಿಡಿಸ್ತು."

ಹೇಳಿದವನು ಎದ್ದುನಿಂತ. ಕುರ್ಚಿಯ ಕೈಯನ್ನು ಒಮ್ಮೆ ಸವರಿ, ಬಾಗಿಲ ಕಡೆ ನೋಡಿದ.

ಮೇಷ್ಟ್ರು ನೋಟ್‌ಬುಕ್ಕಿನ ಹಾಳೆ ಹಿಂದೆ ಹಿಂದೆ ತಿರುಗಿಸುತ್ತಿದ್ದರು. ಮುಖ ಕಪ್ಪಿಟ್ಟಿತ್ತು. "ಹೋದ ತಿಂಗಳು ಹದಿನಾಲ್ಕು ವಾಸನೆ ಹೇಳಿದ್ರಿ. ಹದಿನಾಲ್ಕೂ ಬರ್ಕೊಂಡಿದ್ದೀನಿ."

"ಕ್ಷಮಿಸಿ ಮೇಷ್ಟ್ರೇ."

"ಅದಲ್ಲರೀ!" ಮೇಷ್ಟ್ರ ದನಿ ಕೀಚಲಾಯಿತು. "ನನಗೆ ಹದಿನಾಲ್ಕೂ ಬಂತಲ್ಲ! ಮನೆಗೆ ಹೋಗಿ ಹೆಂಡತಿಗೂ ಹೇಳ್ದೆ, ಬಾಡೋ ಮಲ್ಲಿಗೆ ಬಂತು ಕಣೇ ಅಂತ. ಅದು ಎಲ್ಲಿಂದ ಬಂತು?"

ಡಾಕ್ಟರಮ್ಮ ಮೊದಲು ನಕ್ಕರು. ಆಮೇಲೆ ಇಸ್ತ್ರಿಯಣ್ಣ. ಆಮೇಲೆ ಮೇಷ್ಟ್ರು ನಗಬಾರದೆಂದು ತುಟಿ ಕಚ್ಚಿ, ಸೋತು, ಮೇಜು ಗುದ್ದಿ ನಕ್ಕರು. ಆ ನಗುವಿಗೆ ಬೀದಿಯ ಆ ತುದಿಯಲ್ಲಿ ಮಲಗಿದ್ದ ನಾಯಿಗಳು ಎದ್ದು ಕೂತವು.

"ಕೂತ್ಕೊಳ್ಳಿ ಮೂಗಣ್ಣ," ಎಂದರು ಡಾಕ್ಟರಮ್ಮ ಕಣ್ಣೊರೆಸಿಕೊಳ್ಳುತ್ತಾ. ಸುಟ್ಟ ಕೋಟನ್ನು ಎತ್ತಿ ಬೆಳಕಿಗೆ ಹಿಡಿದರು. ದೋಣಿಯ ಗುರುತಿನ ಮೂಲಕ ಕಿಟಕಿ ಮಸುಕಾಗಿ ಕಾಣುತ್ತಿತ್ತು. "ಮೂರು ತಿಂಗಳು ಒಬ್ರೇ ಇದನ್ನ ಹೊತ್ಕೊಂಡು ತಿರುಗಿದ್ರಾ? ನಾವು ನಿಮಗೆ ಏನಾಗ್ಬೇಕು ಹಾಗಾದ್ರೆ?"

"ನಾನು ಮೂಸೋಕೆ ಆಗಲ್ಲ. ಮತ್ತೆ ಈ ಕುರ್ಚಿ..."

"ಕುರ್ಚಿ ಕೂತ್ಕೊಳ್ಳೋಕೆ ಇರೋದು," ಎಂದ ಇಸ್ತ್ರಿಯಣ್ಣ. "ಮೂಸೋಕಲ್ಲ."

ಹಸಿರು ಕಾಲುಚೀಲದ ಬಾಟಲಿ ಇನ್ನೂ ಬಾಕಿಯಿತ್ತು. ಅದೂ ಕೆಳಗಿನ ಸಾಲಿನದೇ, ಅದೂ ಆಫ್ ಡ್ರೈ. ಇಸ್ತ್ರಿಯಣ್ಣ ನಾಲ್ಕು ಗ್ಲಾಸಿಗೂ ಸುರಿದ. ಯಾರ ಕೈಯೂ ಮೇಲೇಳಲಿಲ್ಲ. ಏಳು ವರ್ಷದ ಕಾನೂನು, ಕೈಗಳಿಗೆ ಬೇರೆ ಏನೂ ಗೊತ್ತಿರಲಿಲ್ಲ. ಮೂಗಣ್ಣ ತಲೆ ತಗ್ಗಿಸಿದ.

ಆಗ ಇಸ್ತ್ರಿಯಣ್ಣ ಬಾಗಿಲ ಬಳಿ ಹೋಗಿ ಬುಟ್ಟಿಯಿಂದ ಒಂದು ಮುಷ್ಟಿ ಮರದ ಕ್ಲಿಪ್ಪು ತಂದ. ಒಂದನ್ನು ತೆರೆದು ತನ್ನ ಮೂಗಿನ ಮೇಲೆ ಸಿಕ್ಕಿಸಿಕೊಂಡ. ನೋವಿಗೆ ಕಣ್ಣು ಹೊರಬಂದವು, ಆದರೂ ತೆಗೆಯಲಿಲ್ಲ. ಒಂದನ್ನು ಡಾಕ್ಟರಮ್ಮನಿಗೆ ಕೊಟ್ಟ. ಅವರು ಕನ್ನಡಿಯಿಲ್ಲದೆ, ಹಲ್ಲು ಕೀಳುವಷ್ಟೇ ಖಚಿತವಾಗಿ ಸಿಕ್ಕಿಸಿಕೊಂಡರು. ಮೇಷ್ಟ್ರು ಕನ್ನಡಕ ತೆಗೆದು, ಕ್ಲಿಪ್ಪು ಹಾಕಿ, ಕ್ಲಿಪ್ಪಿನ ಮೇಲೆ ಕನ್ನಡಕ ಕೂರಿಸಿದರು. ಸರಳಿನ ಮೇಲಿನ ಕೋಟುಗಳು ತಲೆಯಿಲ್ಲದ್ದಕ್ಕೆ ಸಂತೋಷಪಟ್ಟಿರಬೇಕು. ಇದ್ದಿದ್ದರೆ ನಕ್ಕು ನಕ್ಕು ಕೆಳಗೆ ಬೀಳುತ್ತಿದ್ದವು.

ಮೂವರೂ ಮೂಗಣ್ಣನ ಕಡೆ ತಿರುಗಿದರು. ಮೇಷ್ಟ್ರು ಪೆನ್ಸಿಲು ಹಿಡಿದು, ಹೊಟ್ಟೆಯಿಂದ ಉಸಿರೆಳೆದು, ಅತ್ಯಂತ ಗೌರವದಿಂದ ಹೇಳಿದರು.

"ಬೂಗಡ್ಡ, ಡೀವೇ ಬೊದಲು."

ಮೂಗಣ್ಣನಿಗೆ ಕ್ಲಿಪ್ಪು ಬೇಕಿರಲಿಲ್ಲ. ಗ್ಲಾಸನ್ನು ಎತ್ತಿದ. ಈ ಸಲ ಮೂಸುವ ನಾಟಕವಿಲ್ಲ, 'ಹೂಂ' ಇಲ್ಲ, ನೇರ ಬಾಯಿಗೆ. ತಣ್ಣಗೆ. ಜುಮುಜುಮು. ಚಿವುಟು. ಸವರು. ಮೂವರು ಬಾಯಲ್ಲಿ ಉಸಿರಾಡುತ್ತಾ ಕಾಯುತ್ತಿದ್ದರು. ಏಳು ವರ್ಷದಲ್ಲಿ ಒಂದು ಗ್ಲಾಸಿಗೆ ಹತ್ತಕ್ಕಿಂತ ಕಡಿಮೆ ಮಾತು ಆಡದವನು ಒಂದೇ ಒಂದು ಮಾತು ಆಡಿದ.

"ಚೆನ್ನಾಗಿದೆ."

ಮೂರು ಗ್ಲಾಸುಗಳು ಒಟ್ಟಿಗೆ ಎದ್ದವು, ಒಟ್ಟಿಗೆ ಇಳಿದವು. ಮೂರು ಮುಖಗಳು ಹುಳಿಗೆ ಕಿವುಚಿಕೊಂಡು, ಸಿಹಿಗೆ ಬಿಡಿಸಿಕೊಂಡವು.

"ಚೆಡ್ಡಾಗಿದೆ," ಎಂದು ಬಳಗ ಒಕ್ಕೊರಲಿನಿಂದ ಒಪ್ಪಿತು. ಮೇಷ್ಟ್ರು ಅದನ್ನು ಹಾಗೆಯೇ ಬರೆದುಕೊಂಡರು.